ಬೆಣೆ ಕಿತ್ತ ಕೋತಿ

ಕಳೆದ ರವಿವಾರ ಬೆಳಗಿನ ಚಹ ಮುಗಿಯುವಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಾಗಿಲಲ್ಲಿ ನಿಂತಿದ್ದನು. ಗಜೇಂದ್ರಗಡದ ಕಡೆಯವನು, ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗ. "ಸರ್, ಹತ್ತು ವಾಕ್ಯ ಬರದೇನ್ರಿ. ಒಂದೀಟು ತಿದ್ದಿ ಕೊಡ್ರಿ" ಎಂದನು. ಮದುವೆಯ ಆಮಂತ್ರಣವಿರಬಹುದೆಂದು ನನ್ನಾಕೆ ಅಡಿಗೆಮನೆಯಿಂದ ಇಣುಕಿದಳು. ಅಲ್ಲ, ಅವು ಯಂತ್ರವೊಂದು ಓದಬೇಕಾದ ವಾಕ್ಯಗಳು! ಕನ್ನಡದಲ್ಲಿ ಅರ್ಥವನ್ನು ತಿಳಿಯಾಗಿಸಿಕೊಂಡು ಆಮೇಲೆ ಇಂಗ್ಲಿಷಿಗೆ ತಿರುಗಿಸುವನಂತೆ.

ವಿಷಯವಿಷ್ಟು. ಕೃತಕ ಬುದ್ಧಿಗೆ ಈಗ ಮಾತಿನ ಕೆಲಸವಷ್ಟೇ ಅಲ್ಲ, ನಮ್ಮ ಪರವಾಗಿ ಬ್ರೌಸರ್ ತೆರೆದು ಅರ್ಜಿ ತುಂಬುವ ಕೆಲಸವನ್ನೂ ಒಪ್ಪಿಸುತ್ತಿದ್ದಾರೆ. ಈ ಕಾರಕೂನನಿಗೆ ಏಜೆಂಟನೆಂದು ಹೆಸರು. ಅವನ ಕೈಗೆ ಕೆಲವು ಸಾಧನಗಳನ್ನು ಕೊಡುತ್ತಾರೆ: ಪುಟ ತೆರೆಯಲೊಂದು, ಪುಟದ ನೋಟ ತರಲೊಂದು, ಗುಂಡಿ ಒತ್ತಲೊಂದು. ಮೈಕ್ರೋಸಾಫ್ಟಿನ ಪ್ಲೇರೈಟ್ ಇಂಥ ಸಾಧನಗಳ ಪೆಟ್ಟಿಗೆ. 2024ರ ನವೆಂಬರಿನಲ್ಲಿ ಆಂತ್ರಾಪಿಕ್ ಸಂಸ್ಥೆಯು ಪ್ರಕಟಿಸಿದ ಎಂ.ಸಿ.ಪಿ. ಎಂಬ ಪದ್ಧತಿಯಂತೆ ಪ್ರತಿ ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಒದಗಿಸಬೇಕಾದ ಸಂಗತಿಗಳ ಪಟ್ಟಿ ಇರುತ್ತವೆ. ಸಾಧನದ ಒಡಲೊಳಗೆ ಏನಿದೆಯೆಂಬುದನ್ನು ಕಾರಕೂನನು ಸಾಮಾನ್ಯವಾಗಿ ಕಾಣನು. ಆ ನಾಲ್ಕು ಸಾಲುಗಳೇ ಅವನ ಕಣ್ಣು.

ಹುಡುಗನ ಮೊದಲನೆಯ ವಾಕ್ಯ: "ಗುಂಡಿಯನ್ನು ಒತ್ತುತ್ತದೆ." ವ್ಯಾಕರಣದಲ್ಲಿ ದೋಷವಿಲ್ಲ. "ಯಾವ ಗುಂಡಿಯನ್ನು?" ಎಂದು ಕೇಳಿದೆ. ಪುಟದ ನೋಟವನ್ನು ತಂದಾಗ ಪ್ರತಿಯೊಂದು ಗುಂಡಿಗೂ ಒಂದು ಗುರುತು ದೊರೆಯುತ್ತದೆ, ಆ ಗುರುತನ್ನು ಹೇಳಿಯೇ ಒತ್ತಬೇಕು, ಪುಟ ಬದಲಾದರೆ ಹಳೆಯ ಗುರುತು ಸಲ್ಲದು ಎಂದು ಬಾಯಿಂದ ಸೊಗಸಾಗಿ ವಿವರಿಸಿದನು. "ಅದನ್ನ ಬರೀಬೇಕಲ್ಲೋ ತಮ್ಮಾ!" ಎಂದೆ.

ಅಷ್ಟರಲ್ಲಿ ನನ್ನಾಕೆ, "ನೋಟ ಅಂದ್ರ ಚಿತ್ರಾನೋ, ಬರಹಾನೋ?" ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವನ ಪೆಟ್ಟಿಗೆಯಲ್ಲಿ ಎರಡೂ ಇದ್ದವು! ಬರಹದ ನೋಟದಲ್ಲಿ ಒತ್ತಲು ಬೇಕಾದ ಗುರುತುಗಳಿವೆ; ಚಿತ್ರವು ನೋಡುವುದಕ್ಕಷ್ಟೆ. ಎರಡಕ್ಕೂ "ಪುಟವನ್ನು ತೋರಿಸುತ್ತದೆ" ಎಂದೇ ಬರೆದಿದ್ದನು. ಒಂದೇ ಬಗೆಯ ಎರಡು ಭರಣಿಗಳಲ್ಲಿ ಉಪ್ಪನ್ನೂ ಸಕ್ಕರೆಯನ್ನೂ ತುಂಬಿಟ್ಟಂತಾಯಿತು.

ಮುಂದಿನದು ಇನ್ನೂ ಸೂಕ್ಷ್ಮ. 2000ದಲ್ಲಿ ಬಂದ ಭೂಮಿ ಯೋಜನೆಯಿಂದ ನಮ್ಮ ಪಹಣಿಗಳು ಗಣಕಕ್ಕೆ ಏರಿದವಷ್ಟೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳನ್ನು ಕ್ರಮವಾಗಿ ಆರಿಸಿ ಸರ್ವೆ ನಂಬರನ್ನು ತುಂಬಬೇಕು. ಹುಡುಗನು ಬರೆದುದು: "ತಾಲೂಕಿನ ಹೆಸರು." ಆದರೆ ಗಜೇಂದ್ರಗಡವು ಮೊದಲು ರೋಣ ತಾಲೂಕಿನಲ್ಲಿದ್ದು, 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಒಂದಾಯಿತು. ತಂದೆಯ ಹಳೆಯ ಕಾಗದದಲ್ಲಿ ರೋಣವೆಂದಿದ್ದರೆ ಕಾರಕೂನನು ಯಾವುದನ್ನು ಆರಿಸಬೇಕು? ಮನುಷ್ಯನಾದರೆ "ಯಾವ ಊರ್ರೀ ನಿಮ್ದು?" ಎಂದು ಕೇಳಿಯಾನು. ಇವನು ಊಹಿಸಿ ಮುಂದುವರಿದರೂ ಮುಂದುವರಿದಾನು. "ಕಾಗದದಲ್ಲಿರುವುದನ್ನಲ್ಲ, ಪುಟದ ಪಟ್ಟಿಯಲ್ಲಿರುವ ಹೆಸರನ್ನೇ ಕೊಡಬೇಕು, ಗ್ರಾಮ ಸಿಗದಿದ್ದರೆ ಊಹಿಸದೆ ಕೇಳಬೇಕು" ಎಂದು ಸೇರಿಸಿದೆವು. ಹಣ ಕಟ್ಟುವ ಗುಂಡಿಗೂ ಒಂದು ಮಾತು: "ಯಜಮಾನರನ್ನು ಕೇಳದೆ ಒತ್ತಬಾರದು, ಉತ್ತರ ಬಾರದಿದ್ದರೆ ಮತ್ತೆ ಒತ್ತುವ ಮುನ್ನ ಪುಟವನ್ನು ನೋಡಬೇಕು." ಇಲ್ಲವಾದರೆ ಒಂದು ಪಹಣಿಗೆ ಎರಡು ಸಲ ಹಣ!

"ಇಷ್ಟೆಲ್ಲ ಬೇಕೇನ್ರಿ ಸರ್?" ಎಂದು ತುಸು ಬೇಸರದಿಂದಲೇ ಕೇಳಿದನು. "ಇದನ್ನ ಬಳಸವರು ಯಾರು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪನೂ ಬಳಸತಾನ್ರಿ. ಯಂತ್ರ ಹೇಳಿದ್ದ ಖರೇ ಅಂತಾನ್ರಿ" ಎಂದನು. ಅಲ್ಲಿಂದಾಚೆಗೆ ಒಂದೊಂದು ವಾಕ್ಯವನ್ನೂ ಅವನೇ ಎರಡೆರಡು ಸಲ ಓದಿದನು. ಹೆಚ್ಚಿನ ಮಾತುಗಳನ್ನು ಅವನೇ ಹೊಡೆದುಹಾಕಿದನು.

11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಇದೇ ರೋಣ ತಾಲೂಕಿನ ಸವಡಿಯವನು. ಪಂಚತಂತ್ರದ ಕೋತಿಯ ಕಥೆ ಎಲ್ಲರಿಗೂ ಗೊತ್ತು: ಬಡಗಿಗಳು ಅರ್ಧ ಸೀಳಿದ ಮರಕ್ಕೆ ಬೆಣೆ ಹೊಡೆದು ಊಟಕ್ಕೆ ಹೋದರು, ಕೋತಿ ಬಂದು ಕುಳಿತು ಬೆಣೆ ಕಿತ್ತಿತು, ಸೀಳು ಮುಚ್ಚಿ ಪ್ರಾಣ ಹೋಯಿತು. ತನಗೆ ಸಂಬಂಧಿಸದ ಕೆಲಸಕ್ಕೆ ಕೈ ಹಾಕಬಾರದೆಂಬ ನೀತಿಯನ್ನು ನಾನೂ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಆ ದಿನ ಮಾತ್ರ ಬಡಗಿಗಳ ನೆನಪಾಯಿತು. ಬೆಣೆಯ ಮೇಲೆ ಅವರು ಚೀಟಿ ಅಂಟಿಸಿದ್ದರೂ ಆ ಕೋತಿಗೆ ಓದಲು ಬರುತ್ತಿರಲಿಲ್ಲ. ನಮ್ಮ ಹೊಸ ಕಾರಕೂನನಿಗೆ ಓದಲು ಬರುತ್ತದೆ. ಇನ್ನು ಮೇಲೆ ಕೋತಿಯೊಂದನ್ನೇ ದೂರಿ ಫಲವಿಲ್ಲ. ಚೀಟಿ ಬರೆಯುವವನಿಗೂ ಹೊಣೆಯುಂಟು.