ವಿಶ್ವವಿದ್ಯಾಲಯದ ಬಾಗಿಲು ಯಾವ ಹೊತ್ತಿಗೆ ತೆರೆದಿರಬೇಕು?

ಬಾಂದ್ರಾ ಸ್ಟೇಷನ್ನಿನಿಂದ ಪೂರ್ವಕ್ಕೆ ನಾಲ್ಕೈದು ಕಿಲೋಮೀಟರು ಹೋದರೆ ಕಲಿನಾ. ಅಲ್ಲಿಯ ವಿದ್ಯಾನಗರಿಯಲ್ಲಿ, 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಅನೇಕ ವಿಭಾಗಗಳಿವೆ. ಕನ್ನಡ ವಿಭಾಗವೂ ಇದೆ. ಅದರ ನೆರೆಯಲ್ಲೇ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ, ಕಚೇರಿಗಳ ಬಾಗಿಲಲ್ಲಿ ದುಡಿಯುತ್ತಿರುವ ನಮ್ಮಲ್ಲಿ ಎಷ್ಟು ಮಂದಿ ಒಂದು ಗಂಟೆಯಾದರೂ ಅಲ್ಲಿ ಕುಳಿತು ಪಾಠ ಕೇಳಿದ್ದೇವೆ?

ಹಳೆಯ ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ಅಲ್ಪಾವಧಿಯ ತರಗತಿಗಳನ್ನು ನಡೆಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಜೀವನವಿಡೀ ಕಲಿಯುವುದನ್ನು ಎತ್ತಿಹಿಡಿದಿದೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಸಾರ್ವಜನಿಕರೆಂದರೆ ಯಾರು? ಹಗಲು ಹನ್ನೊಂದಕ್ಕೆ, ಇಂಗ್ಲಿಷಿನಲ್ಲಿ, ಪದವೀಧರರಿಗೆ ಮಾತ್ರ, ಅರ್ಧ ತಿಂಗಳ ಪಗಾರದಷ್ಟು ಶುಲ್ಕಕ್ಕೆ ನಡೆಯುವ ತರಗತಿ ಯಾವುದೇ ಇರಲಿ, ಅದು ದುಡಿಯುವವನ ಪಾಲಿಗೆ ಮುಚ್ಚಿದ ಬಾಗಿಲೇ ಸರಿ. ಪದವಿ ಪಡೆದವನಿಗೇ ಮತ್ತೊಂದು ಪ್ರಮಾಣಪತ್ರ ಕೊಡುವುದು ಉಂಡವನಿಗೇ ಎರಡನೆಯ ಸಲ ಎಲೆ ಹಾಕಿದಂತೆ!

ಸಪ್ಲೈಯರನಿಗೆ ವಿಶ್ವವಿದ್ಯಾಲಯದ ಪಾಠ ತಿಳಿದೀತೇ ಎಂದು ಕೇಳುವ ಮಹನೀಯರಿದ್ದಾರೆ. ಹಗಲೆಲ್ಲ ತಟ್ಟೆ ಎತ್ತಿ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಕಲಿತ ಕನ್ನಡಿಗರ ಚರಿತ್ರೆಯನ್ನು ಅವರು ಮರೆತಿದ್ದಾರೆ. ಇಂಗ್ಲೆಂಡಿನ ಮಾತನ್ನೂ ಕೇಳಲಿ. 1908ರಲ್ಲಿ ಅಲ್ಲಿಯ ಕಾರ್ಮಿಕ ಶಿಕ್ಷಣ ಸಂಘದವರು ಆಕ್ಸ್‌ಫರ್ಡಿನೊಂದಿಗೆ ಕೂಡಿ ತರಗತಿಗಳನ್ನು ತೆರೆದರು. ಆರ್. ಎಚ್. ಟಾನಿ ಎಂಬ ವಿದ್ವಾಂಸರು ಶುಕ್ರವಾರ ಸಂಜೆ ಮಡಕೆ-ಪಿಂಗಾಣಿಯ ಊರಾದ ಲಾಂಗ್ಟನ್ನಿಗೆ, ಶನಿವಾರ ಮಧ್ಯಾಹ್ನ ಗಿರಣಿಯ ಊರಾದ ರಾಚ್‌ಡೇಲಿಗೆ ತಾವೇ ಹೋಗಿ ಆರ್ಥಿಕ ಇತಿಹಾಸ ಕಲಿಸಿದರು. ಒಂದು ಗಂಟೆ ಪಾಠ, ಒಂದು ಗಂಟೆ ಚರ್ಚೆ. ಮೇಲೆ ಪ್ರಬಂಧವನ್ನೂ ಬರೆಯಬೇಕಿತ್ತು. ಅಲ್ಲಿ ಕುಳಿತವರಲ್ಲಿ ಕೈಗೆ ಮಣ್ಣು, ಹತ್ತಿ ಮೆತ್ತಿಕೊಂಡವರೂ ಇದ್ದರು.

ನಮ್ಮ ನಾಡಿನಲ್ಲೂ ದಾರಿ ತೋರಿದವರಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯವು ಹಳ್ಳಿಗಳಲ್ಲಿ ಕನ್ನಡದಲ್ಲೇ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಚಿಕ್ಕ ಚಿಕ್ಕ ಪುಸ್ತಕಗಳಾಗಿ ಅಚ್ಚುಹಾಕಿಸಿ ಹಂಚಿತು. ಪಂಡಿತರು ಹಳ್ಳಿಯ ಜಗಲಿಗೆ ಹೋಗಬಹುದಾದರೆ ಬಾಂದ್ರಾದ ಚಾಳಿಗೆ ಬರಲು ಅಡ್ಡಿ ಏನು?

ಇದು ಬರೀ ಹವ್ಯಾಸದ ಮಾತಲ್ಲ, ಅನ್ನದ ಮಾತು. 29 ಕೇಂದ್ರ ಕಾರ್ಮಿಕ ಕಾನೂನುಗಳನ್ನು ಕೂಡಿಸಿ 2019 ಮತ್ತು 2020ರಲ್ಲಿ ಸಂಸತ್ತು ನಾಲ್ಕು ಸಂಹಿತೆಗಳನ್ನು ಅಂಗೀಕರಿಸಿತು. ಕೂಲಿ, ಕೆಲಸದ ಹೊತ್ತು, ಭವಿಷ್ಯನಿಧಿ, ಕೆಲಸದಿಂದ ತೆಗೆಯುವ ಕ್ರಮ, ಎಲ್ಲವೂ ಅವುಗಳಲ್ಲಿವೆ. ನೇಮಕದ ಕಾಗದಕ್ಕೆ ಓದದೆ ರುಜು ಹಾಕುವ ನಮ್ಮ ತಮ್ಮಂದಿರಿಗೆ ಇದನ್ನು ಯಾರು ತಿಳಿಸಿ ಹೇಳಬೇಕು? ಕಾನೂನು ಬಲ್ಲ ಪ್ರಾಧ್ಯಾಪಕರೊಬ್ಬರು, ಕನ್ನಡ ಬಲ್ಲವರೊಬ್ಬರು ಜೊತೆಗೂಡಿದರೆ ಹತ್ತು ದಿನಗಳ ಪಾಠ ಸಾಕು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪಾಳಿಯ ಬಿಡುವಿನಲ್ಲಿ ತರಗತಿ ನಡೆಯಲಿ, ಪದವಿಯನ್ನು ಕೇಳದಿರಲಿ, ಕನ್ನಡ, ಮರಾಠಿ, ಹಿಂದಿಗಳಲ್ಲಿ ಪಾಠವಾಗಲಿ, ಶುಲ್ಕ ಒಂದು ಹೊತ್ತಿನ ಊಟದ ಬೆಲೆಯನ್ನು ಮೀರದಿರಲಿ. ಮಾಲಿಕರು ವಾರಕ್ಕೆ ಎರಡು ಗಂಟೆ ಬಿಡುಗಡೆ ಕೊಡಲಿ. ನಗರದ ಕನ್ನಡ ಸಂಘಗಳು ಶಾಲು-ಹಾರಗಳ ಒಂದು ಸಮಾರಂಭದ ಖರ್ಚನ್ನು ಇದಕ್ಕೆ ಮೀಸಲಿಡಲಿ. ಸಭಾಗೃಹಗಳು ವಾರದ ದಿನಗಳಲ್ಲಿ ಬೀಗ ಹಾಕಿಕೊಂಡಿರುವ ಬದಲು ಪಾಠಕ್ಕೆ ತೆರೆಯಲಿ.

ಕಾರ್ಮಿಕ ಬಂಧುಗಳೇ, ನಮ್ಮ ಕರ್ತವ್ಯವೂ ಇದೆ. ತರಗತಿ ತೆರೆದ ಮೂರನೆಯ ವಾರಕ್ಕೆ ಬೆಂಚುಗಳು ಬರಿದಾದರೆ, ಇವರಿಗೆ ಬೇಕಾಗಿಯೇ ಇರಲಿಲ್ಲ ಎಂದು ಹೇಳುವವರಿಗೆ ನಾವೇ ಮಾತು ಒದಗಿಸಿದಂತಾಗುತ್ತದೆ. ಬರಲು ಸಿದ್ಧರಿರುವವರು ತಮ್ಮ ಹೆಸರು, ಬಿಡುವಿನ ಹೊತ್ತು, ಕಲಿಯಬೇಕೆಂದಿರುವ ವಿಷಯ ಇಷ್ಟನ್ನು ಸಂಘದ ಕಚೇರಿಯಲ್ಲಿ ಬರೆಯಿಸಿರಿ. ಮೂವತ್ತು ಹೆಸರುಗಳಾದೊಡನೆ ಆ ಪಟ್ಟಿಯನ್ನು ಹಿಡಿದು ಕಲಿನಾಕ್ಕೆ ಹೋಗೋಣ.