ಮಾರಿದವರೇ ಮರಳಿ ಒಯ್ಯಲಿ

ಮಲೆನಾಡಿನ ಇರುಳಿಗೆ ಬ್ಯಾಟರಿಯ ಬೆಳಕು ಅನಿವಾರ್ಯ. ಆದರೆ ಸತ್ತ ಸೆಲ್ಲುಗಳ ಗತಿಯೇನು? ಅವು ತಿಪ್ಪೆ ಸೇರುತ್ತವೆ. ಗೊಬ್ಬರದೊಡನೆ ತೋಟಕ್ಕೆ, ಮಳೆನೀರಿನೊಡನೆ ಹಳ್ಳಕ್ಕೆ ಸಾಗುತ್ತವೆ. ತುಕ್ಕು ಹಿಡಿದ ಕವಚ ಒಡೆದು ಒಳಗಿನ ಸತು, ಮ್ಯಾಂಗನೀಸ್‌ಗಳು ಮಣ್ಣಿಗಿಳಿಯುತ್ತವೆ.

ಕಾನೂನು ಇಲ್ಲವೆಂದಲ್ಲ. 2001ರ ಕೇಂದ್ರ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗಷ್ಟೇ ಸೀಮಿತವಾಗಿದ್ದವು. ಅವುಗಳ ಬದಲಿಗೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್ಲುಗಳನ್ನೂ ಒಳಗೊಂಡು, ಸಂಗ್ರಹ ಹಾಗೂ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿವೆ. ಲೋಪವಿರುವುದು ಲೆಕ್ಕದಲ್ಲಿ. ಮರುಬಳಕೆ ಘಟಕಗಳು ತೂಕದ ಆಧಾರದಲ್ಲಿ ಪಡೆದ ಪ್ರಮಾಣಪತ್ರಗಳನ್ನು ಕೊಂಡರೆ ಉತ್ಪಾದಕರ ಹೊಣೆ ತೀರಿತು. ಆ ತೂಕ ನಗರದಲ್ಲೇ ಸುಲಭವಾಗಿ ದೊರೆಯುವಾಗ ಘಟ್ಟದ ಹಳ್ಳಿಗೆ ಬರುವವರಾರು?

ಅಮೆರಿಕದ ವರ್ಮಾಂಟ್ ಕೂಡ ಗುಡ್ಡಗಾಡಿನ ಪುಟ್ಟ ರಾಜ್ಯ. ಒಮ್ಮೆ ಬಳಸಿ ಎಸೆಯುವ ಸೆಲ್ಲುಗಳನ್ನು ಉತ್ಪಾದಕರೇ ಸಂಗ್ರಹಿಸಬೇಕೆಂದು ಆ ದೇಶದಲ್ಲಿ ಮೊತ್ತಮೊದಲು 2014ರಲ್ಲಿ ಶಾಸನ ಮಾಡಿದ ರಾಜ್ಯ ಅದೇ. ಅನುಮೋದಿತ ಸಂಗ್ರಹ ಯೋಜನೆಗೆ ಸೇರದ ಉತ್ಪಾದಕರಿಗೆ 2016ರಿಂದ ಅಲ್ಲಿ ಮಾರಾಟದ ಅವಕಾಶವೇ ಇಲ್ಲ.

ಹಳ್ಳಿಗಳಿಂದ ಸಂಗ್ರಹಿಸುವುದು ದುಬಾರಿಯೆಂಬ ವಾದ ಹುರುಳಿಲ್ಲದ್ದು. ಹೊಸ ಸೆಲ್ಲು ತಂದಿಳಿಸುವ ವಾಹನವೇ ಹಳೆಯದನ್ನು ಒಯ್ಯಬಹುದು. ಮಾರುವ ಅಂಗಡಿಯೇ ಮರಳಿ ಪಡೆಯುವ ತಾಣವಾಗಬೇಕು. ಸಂಗ್ರಹದ ಗುರಿ ತಾಲ್ಲೂಕುವಾರು ನಿಗದಿಯಾಗಬೇಕು. ಹಳ್ಳಿಗನಿಂದ ಬೆಲೆ ಪಡೆದವರಿಗೆ ಅವನ ಮಣ್ಣಿನಲ್ಲಿ ವಿಷ ಉಳಿಸಿ ಹೋಗುವ ಹಕ್ಕಿಲ್ಲ. ವಿದ್ಯಾರ್ಥಿಗಳು ಕರಡು ಬರೆಯಲಿ, ಗ್ರಾಮಸಭೆಗಳು ನಿರ್ಣಯ ಅಂಗೀಕರಿಸಲಿ, ಅದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮೇಜು ತಲುಪಲಿ.