ಸಾಲ ಅವಳ ಹೆಸರಿಗೆ, ಉತಾರ ಯಾರ ಹೆಸರಿಗೆ?

ಮಹಿಳೆಯರ ಆರ್ಥಿಕ ಸಬಲೀಕರಣಕ್ಕಾಗಿ ಕರ್ನಾಟಕ ಇಂದು ಮಾಡುತ್ತಿರುವಷ್ಟು ವೆಚ್ಚವನ್ನು ಹಿಂದೆಂದೂ ಮಾಡಿರಲಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ‘ಗೃಹಲಕ್ಷ್ಮಿ’ಯು ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೀಡುವ ಯೋಜನೆ. ಇವನ್ನು ‘ಬಿಟ್ಟಿ ಭಾಗ್ಯ’ ಎಂದು ಹೀಗಳೆಯುವವರಿದ್ದಾರೆ. ಆದರೆ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಪಾಳಿಯ ಮೇಲೆ ದುಡಿಯಲು ಖಾನಾಪುರ ಸೀಮೆಯಿಂದ ಬರುವ ಹೆಣ್ಣುಮಗಳೊಬ್ಬಳಿಗೆ ಬಸ್ಸಿನ ಖರ್ಚು ಉಳಿಯುವುದೆಂದರೆ ಕೂಲಿ ಅಷ್ಟರಮಟ್ಟಿಗೆ ಹೆಚ್ಚಿದಂತೆಯೇ. ಗಂಡನ ಮುಂದೆ ಕೈಯೊಡ್ಡದೆ ಮಗಳ ಶುಲ್ಕ ಕಟ್ಟಬಲ್ಲವಳ ಸ್ಥಾನ ಮನೆಯಲ್ಲಿ ಬದಲಾಗುತ್ತದೆ ಎಂಬುದರಲ್ಲಿಯೂ ಎರಡು ಮಾತಿಲ್ಲ.

ಪ್ರಶ್ನೆ ಇರುವುದು ಅದರಾಚೆಗೆ. ಸರ್ಕಾರದ ನೆರವು ಅವಳ ಖಾತೆಗೆ ಬರುತ್ತಿದೆ, ಸಾಲವೂ ಅವಳ ಹೆಸರಿನಲ್ಲಿಯೇ ಸಿಗುತ್ತಿದೆ. ಆದರೆ ಹೊಲ, ಮನೆ, ನಿವೇಶನಗಳು ಯಾರ ಹೆಸರಿನಲ್ಲಿವೆ?

ಈ ಪ್ರಶ್ನೆ ಎಷ್ಟು ತುರ್ತಿನದು ಎಂಬುದನ್ನು 2025ರ ಆರಂಭದ ತಿಂಗಳುಗಳು ತೋರಿಸಿಕೊಟ್ಟವು. ಬೆಳಗಾವಿಯೂ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಿಂದ ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳದ ದೂರುಗಳು ಒಂದರ ಹಿಂದೊಂದು ಬಂದವು. ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ಪ್ರಕಟವಾದವು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಲು ಅವಕಾಶ ಮಾಡಿತು. ಕ್ರಮ ಅಗತ್ಯವಾಗಿತ್ತು. ಆದರೆ ಈ ಸಾಲಗಾರರಲ್ಲಿ ಬಹುಪಾಲು ಮಂದಿ ಮಹಿಳೆಯರೇ ಏಕೆ ಎಂಬ ಪ್ರಶ್ನೆಯನ್ನು ಯಾವ ದಂಡನೆಯೂ ಉತ್ತರಿಸಲಾರದು.

ಉತ್ತರ ಸರಳವಾಗಿದೆ. ಒತ್ತೆ ಇಡಲು ಅವಳ ಬಳಿ ಏನೂ ಇಲ್ಲ. ಒತ್ತೆಯ ಜಾಗದಲ್ಲಿ ನೆರೆಹೊರೆಯ ಹೆಂಗಸರ ಜಂಟಿ ಹೊಣೆಗಾರಿಕೆಯನ್ನು ಇಡಲಾಗುತ್ತದೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು. ವಸೂಲಿಗಾರನಿಗಿಂತ ಮೊದಲು ಓಣಿಯ ಗೆಳತಿಯರೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವಳ ಮರ್ಯಾದೆಯೇ ಇಲ್ಲಿ ಜಾಮೀನು. ಸಾಲದ ಹಣ ಗಂಡನ ವ್ಯಾಪಾರಕ್ಕೋ ಹೊಲದ ಕೊಳವೆಬಾವಿಗೋ ಹೋಗಿರಬಹುದು. ಬಾವಿ ಅವನ ಹೆಸರಿನ ಹೊಲದಲ್ಲಿರುತ್ತದೆ, ಕಂತಿನ ಪುಸ್ತಕ ಅವಳ ಕೈಯಲ್ಲಿರುತ್ತದೆ. ಕುಟುಂಬವೊಂದರ ಎಲ್ಲ ಸಾಲಗಳ ಕಂತು ಅದರ ಮಾಸಿಕ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ನಿಯಮ ಮಾಡಿದೆ. ಆದರೂ ಒಂದು ಸಾಲ ತೀರಿಸಲು ಮತ್ತೊಂದು ಸಾಲ ಎಂಬ ಸರಪಳಿ ಕಡಿಯಲಿಲ್ಲ.

ವಿಪರ್ಯಾಸವೆಂದರೆ, ಇದಕ್ಕಿಂತ ಉತ್ತಮವಾದ ಮಾದರಿಯನ್ನು ದೇಶಕ್ಕೆ ಕೊಟ್ಟದ್ದು ಕರ್ನಾಟಕವೇ. ಬೆಂಗಳೂರಿನ ‘ಮೈರಾಡ’ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಗುಂಪುಗಳಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಬಡ್ಡಿಯನ್ನೂ ನಿಯಮಗಳನ್ನೂ ಸದಸ್ಯರೇ ನಿರ್ಧರಿಸುತ್ತಿದ್ದರು. ಇಂಥ ಅನುಭವವನ್ನು ಆಧರಿಸಿಯೇ ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000–01ರಲ್ಲಿ ಬಂದ ‘ಸ್ತ್ರೀಶಕ್ತಿ’ ಯೋಜನೆ ಅದನ್ನು ಅಂಗನವಾಡಿಗಳ ಮೂಲಕ ಹಳ್ಳಿಹಳ್ಳಿಗೂ ಒಯ್ದಿತು.

ಬೆಳಗಾವಿ ಜಿಲ್ಲೆಯೇ ಇದಕ್ಕೆ ಎದ್ದುಕಾಣುವ ನಿದರ್ಶನ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲಿ ಕಾನೂನು ಬಂದರೂ, ಅದರಿಂದ ಹೊರಬಂದ ಮಹಿಳೆಗೆ ಬದುಕಿನ ದಾರಿಯನ್ನು ಕಾನೂನು ಹೇಳಿಕೊಡಲಿಲ್ಲ. ಘಟಪ್ರಭಾದಲ್ಲಿ 1997ರಲ್ಲಿ ರೂಪುಗೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಆ ಪದ್ಧತಿಯಿಂದ ಹೊರಬಂದ ಮಹಿಳೆಯರೇ ನಡೆಸಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅಲ್ಲಿ ಮಹಿಳೆ ಫಲಾನುಭವಿಯಾಗಿ ಉಳಿಯಲಿಲ್ಲ; ತೀರ್ಮಾನ ಮಾಡುವ ಅಧಿಕಾರ ಅವಳಿಗೇ ದೊರೆಯಿತು. ನಮ್ಮ ಬಹುತೇಕ ಯೋಜನೆಗಳಲ್ಲಿ ಕಾಣೆಯಾಗಿರುವುದು ಈ ಅಂಶವೇ.

ಅಧಿಕಾರದ ಬೇರು ಇರುವುದು ಒಡೆತನದಲ್ಲಿ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಪಾಲು ಸುಮಾರು ಶೇ 14. ಬಿತ್ತನೆ, ಕಳೆ, ಕೊಯ್ಲುಗಳಲ್ಲಿ ಅವರ ದುಡಿಮೆಯ ಪಾಲು ಎಷ್ಟೆಂಬುದು ಹಳ್ಳಿ ಬಲ್ಲ ಯಾರಿಗೂ ಹೇಳಬೇಕಾಗಿಲ್ಲ. ಪಹಣಿಯಲ್ಲಿ, ಬೆಳಗಾವಿ ಕಡೆಯ ಮಾತಿನಲ್ಲಿ ಹೇಳುವುದಾದರೆ ಉತಾರದಲ್ಲಿ, ಹೆಸರಿಲ್ಲದವಳು ಸರ್ಕಾರದ ಕಣ್ಣಿನಲ್ಲಿ ರೈತಳಲ್ಲ. ಬೆಳೆ ಸಾಲ, ಬೆಳೆ ಪರಿಹಾರ, ಕಿಸಾನ್ ಸಮ್ಮಾನ್‌ನ ವಾರ್ಷಿಕ 6,000 ರೂಪಾಯಿ ಎಲ್ಲವೂ ಉತಾರದ ಹಿಂದೆಯೇ ಹೋಗುತ್ತವೆ. ಬೆಳಗಾವಿಯ ವಡಗಾವಿ, ಶಹಾಪುರಗಳ ಮಗ್ಗದ ಮನೆಗಳದೂ ಇದೇ ಕಥೆ. ಕಂಡಿಕೆ ಸುತ್ತುವವಳು ಅವಳು, ನೇಕಾರನೆಂಬ ಹೆಸರು ಅವನದು.

ಕಾನೂನಿನ ಕೊರತೆ ಇದಕ್ಕೆ ಕಾರಣವಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ, ಕೇಂದ್ರಕ್ಕಿಂತ 11 ವರ್ಷ ಮೊದಲೇ, ಜಾರಿಗೆ ತಂದಿತು. 2020ರಲ್ಲಿ ಸುಪ್ರೀಂ ಕೋರ್ಟ್ ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಸಾರಿತು. ಆದರೂ ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಲೇ ಇದ್ದಾರೆ. ಎಕರೆಗಟ್ಟಲೆ ಭೂಮಿಗೆ ಬದಲಾಗಿ ಉಡಿ ತುಂಬಿ ಒಂದು ಸೀರೆ ಕೊಟ್ಟು ಕಳಿಸುವುದನ್ನು ನಾವು ಸಂಪ್ರದಾಯ ಎನ್ನುತ್ತೇವೆ.

ಪಕ್ಕದ ಮಹಾರಾಷ್ಟ್ರದಿಂದ ಕಲಿಯಬೇಕಾದದ್ದಿದೆ. ರೈತ ನಾಯಕ ಶರದ್ ಜೋಶಿ ಅವರ ಶೇತಕರಿ ಸಂಘಟನೆ ‘ಲಕ್ಷ್ಮೀ ಮುಕ್ತಿ’ ಎಂಬ ಆಂದೋಲನ ನಡೆಸಿ, ಹೊಲದ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಮಾಡಿರೆಂದು ರೈತರ ಮನವೊಲಿಸಿತು. 1992ರಲ್ಲಿ ಅಲ್ಲಿನ ಸರ್ಕಾರವೂ ಅದೇ ಹೆಸರಿನಲ್ಲಿ, ಉತಾರದಲ್ಲಿ ಪತ್ನಿಯ ಹೆಸರು ಸೇರಿಸುವ ಯೋಜನೆ ತಂದಿತು. 2021ರಿಂದ ಮಹಿಳೆಯ ಹೆಸರಿನಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇ 1ರ ರಿಯಾಯಿತಿಯನ್ನೂ ನೀಡಿತು.

ಉತಾರದಲ್ಲಿ ಹೆಸರು ಸೇರಿಸಿದಾಕ್ಷಣ ಎಲ್ಲವೂ ಸರಿಹೋಗುವುದೇ, ಗಂಡನೇ ಹಿಂದೆ ನಿಂತು ಹೆಬ್ಬೆಟ್ಟು ಒತ್ತಿಸಲಾರನೇ ಎಂದು ಕೇಳಬಹುದು. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು. ಮೊದಲು ಹೆಸರು ಬರುತ್ತದೆ, ದನಿ ನಿಧಾನವಾಗಿ ಹಿಂಬಾಲಿಸುತ್ತದೆ. ಹೆಸರೇ ಇಲ್ಲದಿದ್ದರೆ ದನಿಗೆ ನೆಲೆಯೇ ಇರುವುದಿಲ್ಲ.

ಸರ್ಕಾರ ಮಾಡಬಹುದಾದ ಕೆಲಸಗಳು ದುಬಾರಿಯೇನಲ್ಲ. ಉತಾರದಲ್ಲಿ ಪತ್ನಿಯ ಹೆಸರು ಸೇರಿಸುವ ಪ್ರಕ್ರಿಯೆಯನ್ನು ಶುಲ್ಕರಹಿತವಾಗಿಸಿ, ಗ್ರಾಮಸಭೆಗಳಲ್ಲಿ ಆಂದೋಲನವಾಗಿ ನಡೆಸಬೇಕು. ಹಕ್ಕು ಬಿಡುಗಡೆ ಪತ್ರ ನೋಂದಾಯಿಸುವ ಮುನ್ನ ಹೆಣ್ಣುಮಗಳಿಗೆ ಅವಳ ಪಾಲಿನ ಮೌಲ್ಯವನ್ನು ತಿಳಿಸಿ ಹೇಳುವ ವ್ಯವಸ್ಥೆ ಬೇಕು. ಸಾಲದಿಂದ ಕೊಂಡ ಹಸು, ಯಂತ್ರ, ಅಂಗಡಿ ಅವಳ ಹೆಸರಿನಲ್ಲಿಯೇ ಇರಬೇಕೆಂಬ ಷರತ್ತನ್ನು ಸರ್ಕಾರಿ ನೆರವಿನ ಸಾಲಗಳಿಗೆ ವಿಧಿಸಬೇಕು. ಕಣಕುಂಬಿ, ಜಾಂಬೋಟಿಗಳಂಥ ಕಾಡಂಚಿನ ಊರುಗಳಲ್ಲಿ ಕೆಲಸದ ವೇಳೆಗೆ ಬಸ್ಸು ಇದ್ದರೆ ಮಾತ್ರ ಉಚಿತ ಟಿಕೆಟ್ಟಿಗೆ ಅರ್ಥ ಎಂಬುದನ್ನೂ ಮರೆಯಬಾರದು.

ಗೃಹಲಕ್ಷ್ಮಿಯ ಕಂತು ಸರ್ಕಾರದ ಬೊಕ್ಕಸವನ್ನು ಅವಲಂಬಿಸಿದೆ. ಸರ್ಕಾರ ಬದಲಾದರೆ ಅದೂ ಬದಲಾಗಬಹುದು. ಉತಾರದಲ್ಲಿ ಬರೆದ ಹೆಸರನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಸಾಲಕ್ಕೆ ಸಹಿ ಹಾಕಲು ಯೋಗ್ಯಳಾದ ಹೆಣ್ಣು ಆಸ್ತಿಯ ಒಡತಿಯಾಗಲೂ ಯೋಗ್ಯಳೇ ಎಂದು ಒಪ್ಪಿಕೊಳ್ಳುವವರೆಗೆ, ಸಬಲೀಕರಣದ ಹೆಸರಿನಲ್ಲಿ ನಾವು ಅವಳ ಮೇಲೆ ಹೊರಿಸುತ್ತಿರುವುದು ಹೊಣೆಯನ್ನು ಮಾತ್ರ.